ಜಗಳೂರಿಗೆ ವರ್ಗವಾದ ಮೇಲೆ

ಕಳ್ಳಂಬೆಳ್ಳದಲ್ಲಿ ಒಂದು ಪೊಲೀಸ್ ಠಾಣೆ ಇದೆ. ತುಮಕೂರು ದಾಟಿ ಶಿರಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಓಡಾಡುವವರಿಗೆಲ್ಲ ಆ ಊರು ಗೊತ್ತು. ದೊಡ್ಡ ಕೆರೆಯಿದೆ. ಆ ಕೆರೆಗೆ ಹೇಮಾವತಿ ನೀರು ಬಿಟ್ಟರೋ ಇಲ್ಲವೋ ಎಂಬುದು ಆ ಸೀಮೆಯ ರಾಜಕೀಯದಲ್ಲಿ ಬಹಳ ದೊಡ್ಡ ಮಾತು. ಊರಿನವರು ಯಾವುದೋ ದಾಖಲೆಗೆ, ಯಾವುದೋ ತಕರಾರಿಗೆ ಠಾಣೆಗೆ ಹೋಗುತ್ತಾರೆ, ಬರುತ್ತಾರೆ. ‘ಕಳ್ಳಂಬೆಳ್ಳ ಪೊಲೀಸ್ ಠಾಣೆ’ ಎಂದು ಬೋರ್ಡು ಬರೆದ ಪೇಂಟರಿಗೂ ನಗು ಬಂದಿರಲಿಕ್ಕಿಲ್ಲ, ದಿನಾ ಅದರ ಕೆಳಗೆ ನಿಲ್ಲುವ ಪೇದೆಗೂ ಬರಲಿಕ್ಕಿಲ್ಲ. ಅವರಿಗೆ ಆ ಹೆಸರಿನಲ್ಲಿ ಕಳ್ಳ ಕಾಣಿಸುವುದೇ ಇಲ್ಲ. ಕಾಣಿಸುವುದು ಬಸ್ಸಿನ ಕಿಟಕಿ ಪಕ್ಕ ಕೂತು, ಮಾಡಲು ಬೇರೆ ಕೆಲಸವಿಲ್ಲದೆ ಬೋರ್ಡು ಓದುತ್ತ ಹೋಗುವವನಿಗೆ ಮಾತ್ರ.

ನಾನು ನೌಕರಿಯ ಬಹುಪಾಲನ್ನು ಹಾಗೆ ಬೋರ್ಡು ಓದುತ್ತಲೇ ಕಳೆದವನು. ಬ್ಯಾಂಕಿನ ಕೆಲಸವೆಂದರೆ ಹಾಗೆಯೇ. ಬಾಡಿಗೆ ಮನೆಯ ಗ್ಯಾಸ್ ಸಂಪರ್ಕ ಕೈಗೆ ಬರುವಷ್ಟರಲ್ಲಿ ಮುಂದಿನ ವರ್ಗಾವಣೆಯ ಪತ್ರ ಬಂದಿರುತ್ತದೆ. ಅಂಥದ್ದೊಂದು ಪತ್ರ ಬಂದಾಗ ಮನೆಯಲ್ಲಿ ಗಟ್ಟಿಯಾಗಿ ಓದಿದೆ: ‘ಜಗಳೂರು ಶಾಖೆ.’ ನನ್ನ ಹೆಂಡತಿ ಶಿರಸಿ ಕಡೆಯವಳು, ನಾಲಗೆ ಚುರುಕು. ‘ಇಲ್ಲಿ ಆಡಿದ್ದೇ ಸಾಕಾಗ್ತಿಲ್ಯನಾ?’ ಎಂದಳು. ಮಾವನವರಿಗೆ ಫೋನು ಮಾಡಿ ತಿಳಿಸಿದರೆ ‘ಎಂತ ಊರು ಅಂದ್ರಿ?’ ಎಂದು ಮತ್ತೊಮ್ಮೆ ಕೇಳಿಸಿಕೊಂಡು, ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಅಡಿಕೆ ದರ ಇಳಿದದ್ದನ್ನು ಹೇಳತೊಡಗಿದರು. ಮಗಳನ್ನು ಜಗಳೂರಿಗೆ ಕಳಿಸುವ ತಂದೆಯ ಕಷ್ಟ ನನಗೆ ಅರ್ಥವಾಗದೆ ಇರಲಿಲ್ಲ.

ಜಗಳೂರು ಆಗ ದಾವಣಗೆರೆ ಜಿಲ್ಲೆಗೆ ಸೇರಿತ್ತು. 1997ರಲ್ಲಿ ಹೊಸ ಜಿಲ್ಲೆ ಆಗುವವರೆಗೆ ಚಿತ್ರದುರ್ಗದಲ್ಲಿತ್ತು. ಮಳೆ ಕಡಿಮೆ, ಶೇಂಗಾ ಮತ್ತು ಮೆಕ್ಕೆಜೋಳ ನೆಚ್ಚಿದ ಸೀಮೆ. ಊರಿನಲ್ಲಿ ಕೋರ್ಟು ಇದೆ ಎಂದು ತಿಳಿದಾಗ ಹೆಸರಿಗೆ ತಕ್ಕ ಏರ್ಪಾಡೇ ಸರಿ ಅಂದುಕೊಂಡೆ. ಶಾಖೆಗೆ ಹಾಜರಾದ ಮೇಲೆ ಅಟೆಂಡರನ್ನು ಮೆಲ್ಲಗೆ ಕೇಳಿದೆ, ಇಲ್ಲಿ ಗಲಾಟೆ ಗಿಲಾಟೆ ಜಾಸ್ತಿಯೇನಪ್ಪಾ ಎಂದು. ಅವನು ಪಾಸ್‌ಬುಕ್ಕುಗಳನ್ನು ಜೋಡಿಸುತ್ತಲೇ ಹೇಳಿದ: ‘ಜಗಳ ಆಡಾಕೆ ಒಂದ್ ಹೊಳೆನಾದ್ರೂ ಬೇಕಲ್ರಿ ಸಾರ್.’ ಈಚೆಗೆ ತುಂಗಭದ್ರೆಯಿಂದ ನೀರೆತ್ತಿ ಆ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಬಂದಿದೆ. ಇನ್ನು ಮುಂದೆ ಹೇಗೋ ನೋಡಬೇಕು.

ಆ ತಾಲ್ಲೂಕಿನಲ್ಲಿ ರಂಗಯ್ಯನದುರ್ಗ ಎಂಬ ಕುರುಚಲು ಕಾಡಿದೆ. 2011ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಘೋಷಿಸಿದರು. ಹುಲಿಗಾಗಿಯೂ ಅಲ್ಲ, ಚಿರತೆಗಾಗಿಯೂ ಅಲ್ಲ, ಕೊಂಡುಕುರಿಗಾಗಿ. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು, ಕಿವಿಗಳ ನಡುವೆ ಎರಡು, ಹಣೆಯ ಮೇಲೆ ಎರಡು ಮೋಟು. ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬಿನದು ಬೇರೆ ಇಲ್ಲ. ಇಷ್ಟೆಲ್ಲ ಆಯುಧ ಹೊತ್ತರೂ ಅದರಷ್ಟು ಅಂಜುಬುರುಕ ಪ್ರಾಣಿ ಸಿಗುವುದು ಕಷ್ಟ. ಒಂಟಿಯಾಗಿ, ಹೆಚ್ಚೆಂದರೆ ಜೋಡಿಯಾಗಿ ಓಡಾಡುತ್ತದೆ. ಎಲೆ ಅಲ್ಲಾಡಿದರೆ ಹುಲ್ಲಿನಲ್ಲಿ ಮಾಯ. ನಾನು ಒಂದು ಭಾನುವಾರ ಹೋಗಿ ನೋಡಿಬಂದೆ. ನೋಡಿದ್ದು ಹುಲ್ಲನ್ನು. ಜಗಳೂರಿನ ಜನರೂ ಹೆಚ್ಚುಕಡಿಮೆ ಆ ಸ್ವಭಾವದವರೇ. ಸಾಲ ಮಂಜೂರಾಗಲಿಲ್ಲ ಎಂದರೆ ‘ಆಗ್ಲಿ ಬಿಡ್ರಿ’ ಎಂದು ಎದ್ದು ಹೋಗುವವರನ್ನು ನಾನು ಅಲ್ಲಿ ಕಂಡಷ್ಟು ಬೇರೆಲ್ಲೂ ಕಾಣಲಿಲ್ಲ. ಶಾಂತಿ, ಸಮಾಧಾನ ಎಂಬ ಹೆಸರಿನ ಬಡಾವಣೆಗಳಿರುವ ಊರುಗಳಲ್ಲಿ ಗ್ರಾಹಕರು ಮೇಜು ಗುದ್ದಿದ್ದಾರೆ.

ನನ್ನ ನಗು ಇಳಿಸಿದ್ದು ಅಲ್ಲಿನ ಹಿರಿಯ ಗುಮಾಸ್ತರೊಬ್ಬರು. ಏನೋ ಕಾಗದ ತುಂಬುವಾಗ ನನ್ನ ತಾಯಿಯ ಊರು ಕೇಳಿದರು. ‘ಸಾಲ್ಕಣಿ’ ಎಂದೆ. ಅವರ ಪೆನ್ನು ನಿಂತಿತು. ‘ಸಾಲದ ಕಣಿ ಹೇಳೋ ಊರಿಂದಾನೇ ನಮಗೆ ಮ್ಯಾನೇಜರು ಬಂದಾರೆ ನೋಡ್ರಪಾ’ ಎಂದು ಕೌಂಟರಿನಾಚೆಗೂ ಕೇಳುವ ಹಾಗೆ ಹೇಳಿದರು. ಇಡೀ ಶಾಖೆ ನಕ್ಕಿತು. ಸಾಲ್ಕಣಿ ಶಿರಸಿ ತಾಲ್ಲೂಕಿನ ಒಂದು ಹಳ್ಳಿ, ನನ್ನ ಅಜ್ಜನಮನೆ. ಬೇಸಿಗೆ ರಜೆಯೆಲ್ಲ ಅಲ್ಲಿಯೇ ಕಳೆಯುತ್ತಿತ್ತು, ಹಲಸಿನ ಹಪ್ಪಳ ಒಣಗಿಸಿ, ಕಾಗೆ ಓಡಿಸಿ. ಆ ಹೆಸರನ್ನು ಎಷ್ಟು ಸಲ ಹೇಳಿದ್ದೇನೋ, ಬರೆದಿದ್ದೇನೋ. ಅದರಲ್ಲಿ ಸಾಲವಿದೆ, ಕಣಿಯಿದೆ ಎಂದು ಹೊಳೆಯಲು ನಾನು ಸಾಲ ಕೊಡುವ ಕೆಲಸಕ್ಕೆ ಸೇರಬೇಕಾಯಿತು, ಅದೂ ಸಾಲದೆಂದು ಜಗಳೂರಿಗೆ ಬರಬೇಕಾಯಿತು. ಸಾಲ್ಕಣಿಯ ಪಕ್ಕದ ಸೀಮೆಯಲ್ಲಿ ನೆಗ್ಗು ಎಂಬ ಊರೂ ಇದೆ, ಅದಕ್ಕೊಂದು ಗ್ರಾಮ ಪಂಚಾಯಿತಿಯೂ ಇದೆ. ಪಾತ್ರೆ ಬಿದ್ದರೆ ಆಗುವ ನೆಗ್ಗು ಅದು ಎಂದು ಆ ಕಡೆಯ ಯಾರ ತಲೆಗೂ ಬರುವುದಿಲ್ಲ. ನಾನು ಆ ಗುಮಾಸ್ತರಿಗೆ ಅದನ್ನು ಹೇಳಲಿಲ್ಲ.

ಈ ತಂಟೆಗೆಲ್ಲ ಮೂಲ ನಮ್ಮ ‘ಊರು’ ಎಂಬ ಪದವೇ. ಅದು ಯಾವುದರ ಬಾಲಕ್ಕೆ ಬೇಕಾದರೂ ಸಂಧಿಯಾಗಿ ಕೂತುಬಿಡುತ್ತದೆ. ಕೂತ ಮೇಲೆ ಮುಂದಿನ ಅರ್ಧ ಸವೆದು, ಅದು ಯಾವ ಒಡೆಯನದೋ ಯಾವ ಮರದ್ದೋ ಮರೆತುಹೋಗಿ, ಈಗಿನ ಕನ್ನಡದ ಯಾವುದೋ ಮಾತಿನ ಹಾಗೆ ಕೇಳತೊಡಗುತ್ತದೆ. ಕೊಲ್ಲೂರಿಗೆ ಕೋಲ ಮಹರ್ಷಿಯ ಹೆಸರು ಬಂತೆಂದು ಸ್ಥಳಪುರಾಣ. ದೇವಿ ಮೂಕಾಸುರನನ್ನು ಕೊಂದದ್ದೂ ಅಲ್ಲಿಯೇ ಆದ್ದರಿಂದ ಹೇಗೆ ಬಿಡಿಸಿದರೂ ಸರಿಹೋಗುತ್ತದೆ. ಬೀರೂರು ಜಂಕ್ಷನ್ನಿನಲ್ಲಿ ರೈಲು ನಿಂತಾಗ ಕಾಲೇಜು ಹುಡುಗರು ಬೋರ್ಡಿನ ಮುಂದೆ ಫೋಟೊ ತೆಗೆಸಿಕೊಳ್ಳುವುದನ್ನು ನೋಡಿದ್ದೇನೆ. ಪಾಪ, ಆ ಊರಿನಲ್ಲಿ ಮಾವು, ತೆಂಗು, ಕುರಿಗಳ ವ್ಯಾಪಾರ ಮಾಡುವವರಿಗೆ ಅದರಲ್ಲಿ ನೊರೆ ಕಾಣಿಸುವುದಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟ ಮಾಗಡಿ ತಾಲ್ಲೂಕಿನ ಸೋಲೂರು. ಅದೊಂದು ವಿಧಾನಸಭಾ ಕ್ಷೇತ್ರವಾಗಿತ್ತು. ಪ್ರತಿ ಚುನಾವಣೆಯಲ್ಲೂ ಒಬ್ಬರು ಸೋಲೂರಿನಿಂದ ಗೆದ್ದು ಬರುತ್ತಿದ್ದರು, ಮರುದಿನದ ಪತ್ರಿಕೆಯಲ್ಲಿ ‘ಸೋಲೂರಿನಲ್ಲಿ ಗೆಲುವು’ ಎಂದು ಗಂಭೀರವಾಗಿ ಅಚ್ಚಾಗಲು ಅಡ್ಡಿಯಿರಲಿಲ್ಲ. 2008ರ ಚುನಾವಣೆಯ ಹೊತ್ತಿಗೆ ಕ್ಷೇತ್ರ ಮರುವಿಂಗಡಣೆಯಾಗಿ ಕೊನೆಗೆ ಸೋಲೂರೇ ಸೋತಿತು.

ಹೆಸರು ಅರ್ಥವಾಗದೆ ಇದ್ದರೆ ನಮಗೆ ತಡೆಯುವುದಿಲ್ಲ, ಕೂಡಲೇ ಒಂದು ಕತೆ ಕಟ್ಟುತ್ತೇವೆ. ರಾಜಧಾನಿಯನ್ನೇ ನೋಡಿ. ಹೊಯ್ಸಳ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿದನಂತೆ, ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳಂತೆ, ಊರು ಬೆಂದಕಾಳೂರು ಆಯಿತಂತೆ. ಬಲ್ಲಾಳ ಆಳಿದ್ದು 12ನೆಯ ಶತಮಾನದ ಕೊನೆಯಲ್ಲಿ. ಬೇಗೂರಿನ ದೇವಸ್ಥಾನದಲ್ಲಿರುವ ಗಂಗರ ಕಾಲದ ವೀರಗಲ್ಲು ಅದಕ್ಕಿಂತ ಸುಮಾರು 300 ವರ್ಷ ಹಳೆಯದು. ಅದರಲ್ಲಿ ಆಗಲೇ ‘ಬೆಂಗಳೂರ ಕಾಳಗ’ದ ಮಾತಿದೆ. ಅಜ್ಜಿ ಒಲೆ ಹೊತ್ತಿಸುವ ಎಷ್ಟೋ ಮೊದಲೇ ಬೆಂಗಳೂರಿನಲ್ಲಿ ಜನ ಹೊಡೆದಾಡಿ ಸತ್ತಿದ್ದರು. ಹಾಗೆ ನೋಡಿದರೆ ಜಗಳೂರು ಎಂಬ ಹೆಸರು ಇರಬೇಕಾಗಿದ್ದದ್ದು ಎಲ್ಲಿಗೆ ಎಂದು ಅಲ್ಲಿನ ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗಲೆಲ್ಲ ನನಗೆ ಅನಿಸಿದೆ.

ಜಗಳೂರಿನ ಖಾತೆ ಪುಸ್ತಕಗಳಲ್ಲಿ ನನಗೆ ಸಿಕ್ಕ ಇನ್ನೊಂದು ಸಂಗತಿ ತಿಪ್ಪೇಸ್ವಾಮಿಗಳು. ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ, ತಿಪ್ಪಣ್ಣ. ಹೆಸರು ಒಂದೇ, ಇನಿಷಿಯಲ್ಲೂ ಒಂದೇ, ತಂದೆಯ ಹೆಸರೂ ತಿಪ್ಪೇಸ್ವಾಮಿ. ಒಬ್ಬರ ಬೆಳೆ ಪರಿಹಾರ ಇನ್ನೊಬ್ಬರ ಖಾತೆಗೆ ಬೀಳದ ಹಾಗೆ ನೋಡಿಕೊಳ್ಳುವುದೇ ಒಂದು ನೌಕರಿ. ಪಕ್ಕದ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಆ ಸೀಮೆಯ ಮನೆದೇವರು. ಬರದ ನಾಡಿನಲ್ಲಿ ಕೆರೆ ಕಟ್ಟಿಸಿದ ಪುಣ್ಯಾತ್ಮ ಎಂದು ಜನ ನೆನೆಯುತ್ತಾರೆ. ತರಬೇತಿಗೆಂದು ಉತ್ತರ ಭಾರತದಿಂದ ಬಂದಿದ್ದ ಹುಡುಗ ಅಧಿಕಾರಿಯೊಬ್ಬ ‘ತಿಪ್ಪೆ’ ಅಂದರೇನು ಸಾರ್ ಎಂದು ಕೇಳಿದ. ಹೇಳಿದೆ. ಅವನು ಬಾಯಿಗೆ ಕೈ ಅಡ್ಡ ಹಿಡಿದ. ಪಟ್ಟಣದಲ್ಲಿ ಬೆಳೆದವನಿಗೆ ತಿಪ್ಪೆ ಎಂದರೆ ಕಸ, ಮೂಗು ಮುಚ್ಚಿಕೊಳ್ಳುವ ಜಾಗ. ಒಕ್ಕಲುತನದ ಮನೆಯಲ್ಲಿ ಅದು ವರ್ಷದ ಗೊಬ್ಬರ, ಹೊಲದ ಬಂಡವಾಳ. ದೀಪಾವಳಿಯಲ್ಲಿ ತಿಪ್ಪೆಗೆ ಪೂಜೆ ಮಾಡಿ, ದೀಪ ಇಟ್ಟು, ಹೂವು ಏರಿಸುತ್ತಾರೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸಿಗೆ ತಿಪ್ಪ, ಗುಂಡ, ಕಲ್ಲ ಎಂದು ಹೆಸರಿಟ್ಟರೆ ಯಮನಿಗೂ ಬೇಡವಾಗಿ ಬಿಟ್ಟುಹೋಗುತ್ತಾನೆ ಎಂಬ ಲೆಕ್ಕವೂ ಇತ್ತು. ಬೆಂಗಳೂರಿಗೆ 1930ರ ದಶಕದಲ್ಲಿ ಅರ್ಕಾವತಿಯ ನೀರು ತಂದದ್ದು ತಿಪ್ಪಗೊಂಡನಹಳ್ಳಿ ಜಲಾಶಯದಿಂದ. ಅದಕ್ಕೆ ಚಾಮರಾಜಸಾಗರ ಎಂಬ ರಾಜಗಾಂಭೀರ್ಯದ ಹೆಸರಿದೆ. ಆದರೆ ಬೆಂಗಳೂರಿನ ಹಳಬರ ಬಾಯಲ್ಲಿ ಅದು ತಿಪ್ಪಗೊಂಡನಹಳ್ಳಿಯೇ. ಕುಡಿಯುವ ನೀರಿನ ಹೆಸರಿನಲ್ಲಿ ತಿಪ್ಪೆ ಇದ್ದರೂ ಯಾರಿಗೂ ಬಾಯಾರಿಕೆ ನಿಂತಿಲ್ಲ.

ತಿಪ್ಪೆಯ ಮಾತು ಬಂತೆಂದು ಇನ್ನೊಂದು ಊರು. ಬಳ್ಳಾರಿಯಿಂದ ಹೊಸಪೇಟೆ ಕಡೆಗೆ ಹೊರಟರೆ ಕುಡತಿನಿ ಸಿಗುತ್ತದೆ. ಹಳೆ ಮೈಸೂರಿನ ಕಿವಿಗೆ ಅದು ‘ಕುಡೀತೀನಿ’ ಎಂದೇ ಕೇಳುತ್ತದೆ. ಬಸ್ಸಿನಲ್ಲಿ ಕಂಡಕ್ಟರು ‘ಎಲ್ಲಿಗೆ?’ ಎಂದರೆ ‘ಕುಡತಿನಿ’ ಎಂದು ಅತ್ಯಂತ ಸಭ್ಯ ಮಾಸ್ತರರೊಬ್ಬರು ಹೇಳಿದ್ದನ್ನು ಕೇಳಿ ನನ್ನ ಪಕ್ಕದ ಮಂಡ್ಯದ ಮಿತ್ರರು ತಿರುಗಿ ನೋಡಿದ್ದರು. ಆ ಊರಿನ ಬಳಿ ಒಂದು ಬೂದಿಗುಡ್ಡವಿದೆ. ಗುಡ್ಡವೆಂದೇ ಜನ ಕರೆದರೂ ಅದು ಕಲ್ಲುಮಣ್ಣಿನದಲ್ಲ, ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ಒಟ್ಟಿ ಸುಟ್ಟ ಸಗಣಿಯ ರಾಶಿ. ವಯಸ್ಸು ನಾಲ್ಕು ಸಾವಿರ ವರ್ಷದ ಆಚೀಚೆ. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಇಂಥ ದಿಬ್ಬಗಳು ಹಲವು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. 19ನೆಯ ಶತಮಾನದಿಂದ ಬ್ರಿಟಿಷ್ ಅಧಿಕಾರಿಗಳು, ಭೂವಿಜ್ಞಾನಿಗಳು ಇವನ್ನು ಅಗೆದು, ಮೂಸಿ, ಜ್ವಾಲಾಮುಖಿಯೋ ಕುಲುಮೆಯೋ ಎಂದೆಲ್ಲ ತಲೆ ಕೆರೆದುಕೊಂಡರು. ಕೊನೆಗೆ ನಿಂತದ್ದು ಸಗಣಿ. ಈಗ ಅದೇ ಕುಡತಿನಿಯಲ್ಲಿ 1700 ಮೆಗಾವಾಟಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ, ಕಲ್ಲಿದ್ದಲು ಉರಿದು ದಿನವೂ ಲಾರಿಗಟ್ಟಲೆ ಬೂದಿ ಹೊರಬೀಳುತ್ತದೆ. ನಾಲ್ಕು ಸಾವಿರ ವರ್ಷವಾದರೂ ಊರು ಕಸುಬು ಬದಲಿಸಿಲ್ಲ. ಹೆಸರಿನಲ್ಲಿ ಬೂದಿಯ ಸುಳಿವೇ ಇಲ್ಲ, ಕೇಳಿಸುವುದು ಕುಡಿತ ಮಾತ್ರ.

ಕನ್ನಡದವರೇ ಕನ್ನಡದವರ ಊರಿಗೆ ನಗುವುದಕ್ಕೆ ಬೇರೆ ಭಾಷೆ ಬೇಕಿಲ್ಲ, ಘಟ್ಟ ಇಳಿದರೆ ಸಾಕು. ಹುಬ್ಬಳ್ಳಿಯ ಸಹೋದ್ಯೋಗಿಯೊಬ್ಬರಿಗೆ ಪಡುಬಿದ್ರಿಗೆ ವರ್ಗವಾಯಿತು. ಅವರ ತಂದೆಗೆ ಸ್ವಲ್ಪ ಕಿವಿ ಮಂದ. ‘ಪಡುಬಿದ್ರಿ’ ಎಂದು ಇವರು ಕೂಗಿ ಹೇಳಿದರೆ, ‘ಎಲ್ಲಿ ಬಿದ್ರಿ? ಪೆಟ್ಟಾತೇನು?’ ಎಂದು ಅವರು ಗಾಬರಿ. ಮುಂದಿನ ವರ್ಗ ಮೂಡುಬಿದಿರೆಗೆ ಆಯಿತು, ಜನರ ಬಾಯಲ್ಲಿ ಮೂಡಬಿದ್ರಿ. ‘ಮೊದ್ಲ ಪಡುವಣಕ್ಕ ಬಿದ್ವಿ, ಈಗ ಮೂಡಣಕ್ಕ’ ಎಂದು ಅವರೇ ಹೇಳಿಕೊಂಡು ತಿರುಗುತ್ತಿದ್ದರು. ಎರಡೂ ಕಡೆ ಇರುವುದು ಬಿದಿರು, ಬೀಳುವುದಲ್ಲ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡಿ ಬಂದ ಮೇಲೆ ಅವರ ತಂದೆಗೂ ಮಗ ಬಿದ್ದ ಜಾಗ ಪರವಾಗಿಲ್ಲ ಅನಿಸಿತಂತೆ.

ಬ್ರಿಟಿಷರು ಇಟ್ಟ ಹೆಸರುಗಳ ತಮಾಷೆ ಬೇರೆ ಜಾತಿಯದು. ಅವರು ತಮ್ಮ ದೊಡ್ಡ ಮನುಷ್ಯರ ಹೆಸರಿಗೆ ಒಂದು ‘ಪೇಟೆ’ ಅಂಟಿಸಿ ಕೈತೊಳೆದುಕೊಂಡರು, ಕೇಳುವವರಿಗೆ ಹೇಗೆ ಕೇಳಿಸುತ್ತದೆಂದು ಯೋಚಿಸಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ರೆಸಿಡೆಂಟ್ ಆಗಿ ಬಂದವನು ಬ್ಯಾರಿ ಕ್ಲೋಸ್. ಅವನ ಗೌರವಾರ್ಥ ಇಂದಿನ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂದು ಹೆಸರಾಯಿತು. ಸದಾ ಮುಚ್ಚಿದ ಪೇಟೆ! ವ್ಯಾಪಾರಿಗಳು ಆ ಹೆಸರಿನ ಊರಿನಲ್ಲಿ ಧೈರ್ಯವಾಗಿ ಅಂಗಡಿ ತೆರೆದರು. ಈಗ ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ ದೇಶಕ್ಕೇ ದೊಡ್ಡದು. ಊರಿನ ಹೆಸರು ರಾಮನಗರವಾಯಿತು, ಜಿಲ್ಲೆಯೂ ಆಯಿತು, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದೂ ಆಯಿತು. ಕ್ಲೋಸ್ ಸಾಹೇಬ ಮಾತ್ರ ಬಂಡೆಯೊಳಗೆ ಸೇರಿ ಬಚಾವಾಗಿದ್ದಾನೆ. ರಾಮನಗರದಿಂದ ಉತ್ತರಕ್ಕೆ ಬಳ್ಳಾರಿ ಕಡೆಯವರೆಗೆ ಸುಮಾರು 400 ಕಿಲೋಮೀಟರು ಹಬ್ಬಿದ ಗ್ರಾನೈಟಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಅದರ ವಯಸ್ಸು 250 ಕೋಟಿ ವರ್ಷ. ‘ಶೋಲೆ’ಯ ಗಬ್ಬರ್ ಸಿಂಗ್ ಅಡ್ಡಾಡಿದ್ದೂ ಆ ಬಂಡೆಗಳ ಮೇಲೆಯೇ. ಸರಕಾರ ಬೋರ್ಡು ಬದಲಿಸಬಹುದು, ದೇಶವಿದೇಶದ ಭೂವಿಜ್ಞಾನದ ಪುಸ್ತಕಗಳನ್ನು ತಿದ್ದಿಸುವುದು ಆಗದ ಮಾತು.

ಬಂಗಾರಪೇಟೆ ಮೊದಲು ಬೌರಿಂಗ್‌ಪೇಟೆ, ಕಮಿಷನರ್ ಲೂಯಿನ್ ಬೌರಿಂಗ್‌ನ ಹೆಸರಿನದು. ಜನ ಅದನ್ನು ಬೋರಿಂಗ್‌ಪೇಟೆ ಎಂದರು. ನಮ್ಮ ಕನ್ನಡದಲ್ಲಿ ಬೋರಿಂಗ್ ಎಂದರೆ ಬೇಸರವಲ್ಲ, ಕೊಳವೆಬಾವಿ. ಸಾವಿರ ಅಡಿ ಕೊರೆದರೂ ನೀರು ಸಿಗದ ಕೋಲಾರ ಜಿಲ್ಲೆಯಲ್ಲಿ ಆ ಹೆಸರನ್ನು ಉಳಿಸಿಕೊಂಡಿದ್ದರೆ ಭವಿಷ್ಯವಾಣಿ ಎಂದು ಪ್ರಸಿದ್ಧವಾಗುತ್ತಿತ್ತು. ನಮ್ಮವರು ಇಂಗ್ಲಿಷಿನಲ್ಲಿ ಇಟ್ಟದ್ದೂ ಕಡಿಮೆಯೇನಿಲ್ಲ. ಬೆಂಗಳೂರಿನಲ್ಲಿ ಟಿನ್ ಫ್ಯಾಕ್ಟರಿ ಎಂದು ಇಳಿದವರಿಗೆ ಟಿನ್ನು ಸಿಗುವುದಿಲ್ಲ. ಮೆಜೆಸ್ಟಿಕ್ಕಿನಲ್ಲಿ ಮೆಜೆಸ್ಟಿಕ್ ಥಿಯೇಟರೂ ಇಲ್ಲ, ಗಾಂಭೀರ್ಯವೂ ಇಲ್ಲ. ಸಿಲ್ಕ್ ಬೋರ್ಡಿನಲ್ಲಿ ರೇಷ್ಮೆ ಮಂಡಳಿಯ ಕಚೇರಿ ಇರುವುದೇನೋ ನಿಜ. ಆದರೆ ಆ ಸರ್ಕಲ್ಲಿನಲ್ಲಿ ರೇಷ್ಮೆಯ ನುಣುಪಿನಿಂದ ಸರಿದುಹೋದ ವಾಹನವನ್ನು ನಾನು ಕಂಡಿಲ್ಲ.

ಹೋಟೆಲುಗಳ ಕಡೆ ಹೊರಳಿದರೆ ನನ್ನ ಮೆಚ್ಚಿನದು ಮಿಲಿಟರಿ ಹೋಟೆಲ್. ಒಳಗೆ ಸೈನಿಕರಿಲ್ಲ, ಬಂದೂಕಿಲ್ಲ, ಇರುವುದು ಮುದ್ದೆ, ತಲೆಮಾಂಸ, ಕೈಮಾ. ಮರಾಠ ಸೈನಿಕರಿಗೆ ಅಡುಗೆ ಮಾಡುತ್ತಿದ್ದವರಿಂದ ಬಂತು ಎನ್ನುವವರಿದ್ದಾರೆ, ದಂಡಿನ ಸಿಪಾಯಿಗಳಿಂದ ಬಂತು ಎನ್ನುವವರೂ ಇದ್ದಾರೆ. ಹೆಂಡತಿಯ ದೊಡ್ಡಪ್ಪನೊಬ್ಬರು ಮೊದಲ ಸಲ ಬೆಂಗಳೂರಿಗೆ ಬಂದಾಗ, ‘ಮಿಲಿಟರಿ ಅಂದಮೇಲೆ ಶಿಸ್ತು, ಚೊಕ್ಕಟ ಇರ್ತು’ ಎಂದು ಮೊಸರವಲಕ್ಕಿ ಕೇಳಲು ಒಳಗೆ ಹೊಕ್ಕು, ಬಾಗಿಲಲ್ಲೇ ವಾಸನೆ ಬಡಿದು ಹಿಂದಕ್ಕೆ ಕವಾಯತು ಮಾಡಿದರು. ಅವರನ್ನು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಕರೆದೊಯ್ದೆ. 1965ರಿಂದ ಇಡ್ಲಿ ವಡೆ ಚಟ್ನಿಗೆ ಹೆಸರಾದ ಜಾಗ. ಅವರು ಬೋರ್ಡನ್ನು ಒಂದೊಂದೇ ಪದವಾಗಿ ಓದಿದರು. ಮೊದಲ ಎರಡು ಪದಕ್ಕೆ ಮುಖ ಅರಳಿತು, ಮೂರನೆಯದಕ್ಕೆ ಬಾಡಿತು. ಕೊನೆಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆ ತಿನ್ನಿಸೋಣ ಎಂದರೆ, ‘ಈ ವಯಸ್ಸಿಗೆ ಹಾಸ್ಟೆಲ್ ಊಟವಾ?’ ಎಂದರು.

ಸಾಮಾನುಗಳಿಗೆ ಇಟ್ಟ ಹೆಸರುಗಳಲ್ಲಿ ಬೀಡಿಯ ಮೇಲೆ ಗಣೇಶ, ಪಟಾಕಿಯ ಮೇಲೆ ಲಕ್ಷ್ಮಿ ಎಲ್ಲರೂ ಕಂಡದ್ದೇ. ಹಬ್ಬದ ದಿನ ಲಕ್ಷ್ಮಿಗೆ ಪೂಜೆ ಮಾಡಿ, ಅದೇ ರಾತ್ರಿ ಲಕ್ಷ್ಮಿಗೆ ಬೆಂಕಿ ಹಚ್ಚಿ ಕಿವಿ ಮುಚ್ಚಿಕೊಂಡು ಓಡಿದರೂ ದೇವಿ ಕ್ಷಮಿಸುತ್ತ ಬಂದಿದ್ದಾಳೆ. ಅಮೃತಾಂಜನ 1893ರಲ್ಲಿ ಮುಂಬಯಿಯಲ್ಲಿ ಕಾಶೀನಾಥುನಿ ನಾಗೇಶ್ವರರಾವ್ ಶುರುಮಾಡಿದ್ದು. ಅಂಜನವೆಂದರೆ ಕಣ್ಣಿಗೆ ಹಚ್ಚುವುದು. ಹೆಸರನ್ನು ನಂಬಿ ಒಮ್ಮೆ ಹಚ್ಚಿಕೊಂಡವನು ಅಮೃತವನ್ನೂ ಬಿಡುತ್ತಾನೆ, ಅಂಜನವನ್ನೂ ಬಿಡುತ್ತಾನೆ.

ನಮ್ಮ ಅಜ್ಜನಮನೆಯಲ್ಲಿ ದೊಡ್ಡ ತೊಂದರೆ ಕೊಟ್ಟದ್ದು ಮಾರಿ ಬಿಸ್ಕತ್ತು. ಶಿರಸಿಯ ಮಾರಿಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ಸೀಮೆಯಲ್ಲಿ ಮಾರಿಯ ಹೆಸರನ್ನು ಯಾರೂ ಹಗುರವಾಗಿ ಎತ್ತುವುದಿಲ್ಲ. ಜಾತ್ರೆಗೆ ಬಂದ ಮಾವ ಒಂದು ಸಲ ಪೊಟ್ಟಣ ತಂದು, ಅಜ್ಜಿ ಕೇಳಿದ್ದಕ್ಕೆ ‘ಮಾರಿ ಬಿಸ್ಕೀಟು’ ಎಂದುಬಿಟ್ಟ. ಅಜ್ಜಿ ಕೈ ಹಿಂದೆ ತೆಗೆದಳು. ಮಾರಿಗೆ ಕೋಣ ಕಡಿಯುವ ಪದ್ಧತಿ 1930ರ ದಶಕದಲ್ಲಿ, ಗಾಂಧೀಜಿಯವರ ಪ್ರಭಾವದ ಕಾಲಕ್ಕೆ, ನಿಂತದ್ದನ್ನು ಅವಳು ಹಿರಿಯರ ಬಾಯಲ್ಲಿ ಕೇಳಿ ಬಲ್ಲಳು. ‘ತಮಾ, ಕೋಣ ಕಡಿಯದು ನಿಲ್ಸಿ ಈಗ ಮಾರಿಗೆ ಬಿಸ್ಕೀಟು ಕೊಡದನಾ?’ ಎಂದಳು. ಪ್ರಸಾದವೋ, ಹರಕೆಯೋ, ತಿಂದರೆ ಮಡಿಗೆ ಬಂತೋ ಎಂದು ಒಳಗೆ ಹೆಂಗಸರಲ್ಲಿ ದೊಡ್ಡ ವಿಚಾರಣೆ ನಡೆಯಿತು. ಆ ಮಾರಿ ಬಂದದ್ದು ಎಲ್ಲಿಂದ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. 1874ರಲ್ಲಿ ರಷ್ಯಾದ ಚಕ್ರವರ್ತಿಯ ಮಗಳು ಮರಿಯಾ ಅಲೆಕ್ಸಾಂಡ್ರೋವ್ನಾ ವಿಕ್ಟೋರಿಯಾ ರಾಣಿಯ ಎರಡನೇ ಮಗ ಎಡಿನ್‌ಬರೋ ಡ್ಯೂಕನನ್ನು ಮದುವೆಯಾದಳು. ಲಂಡನ್ನಿನ ಪೀಕ್ ಫ್ರೀನ್ ಎಂಬ ಕಂಪನಿ ಆ ಸಂಭ್ರಮಕ್ಕೆ ಗುಂಡನೆಯ ಬಿಸ್ಕತ್ತು ಮಾಡಿ ಅವಳ ಹೆಸರಿಟ್ಟಿತು. ಅಂದರೆ ಅದು ಅರಮನೆಯ ಮದುವೆಯ ಬಿಸ್ಕತ್ತು, ಹೆಣ್ಣಿನ ಕಡೆಯದು. ಅಷ್ಟು ದೂರದ ಮರಿಯಾ ಶಿರಸಿ ಪೇಟೆಯಲ್ಲಿ ಮಾರಿಯಾಗಿ ಇಳಿದಿದ್ದಳು. ಅಜ್ಜಿ ಆ ದಿನ ಸಂಜೆ ಚಹಾದಲ್ಲಿ ಅದ್ದಿ ಎರಡು ತಿಂದಳೆನ್ನಿ, ಆದರೆ ಕೊನೆಯವರೆಗೂ ಅದನ್ನು ‘ಗೋಲ್ ಬಿಸ್ಕೀಟು’ ಎಂದೇ ಕರೆದಳು.

ನಿವೃತ್ತಿಗೆ ಸ್ವಲ್ಪ ಮೊದಲು ನನ್ನನ್ನು ಪುಣೆಯಲ್ಲೊಂದು ತರಬೇತಿಗೆ ಕಳಿಸಿದರು. ಹಾಸ್ಟೆಲಿನ ಕೋಣೆಯಲ್ಲಿ ಜೊತೆಗಿದ್ದವರು ಹರಿಯಾಣದವರು, ಆಳು ಎತ್ತರ, ನಗು ಅದಕ್ಕಿಂತ ಎತ್ತರ. ಒಂದು ರಾತ್ರಿ ನಮ್ಮ ಕಡೆಯ ಶಾಖೆಗಳ ಪಟ್ಟಿ ಅವರ ಕೈಗೆ ಸಿಕ್ಕಿತು, ಇಂಗ್ಲಿಷಿನಲ್ಲಿ. ‘ಹೋಲ್ ನರಸೀಪುರ್’ ಎಂದು ಓದಿ ನನ್ನ ಮುಖ ನೋಡಿದರು. ಹೊಳೆ ಎಂದರೆ ನದಿ, ಅಲ್ಲಿ ಹರಿಯುವುದು ಹೇಮಾವತಿ, ತೂತು ಗೀತು ಏನಿಲ್ಲ ಎಂದೆ. ಕೆಳಗೆ ಹೊಳೆಆಲೂರು ಸಿಕ್ಕಿತು. ಇಲ್ಲೂ ತೂತೇ ಎಂದರು. ಅದು ಮಲಪ್ರಭೆ ಎಂದೆ. ಹಿರೇಕೆರೂರನ್ನು ಬಾಡಿಗೆಗೆ ಸಿಗುವ ಕೆರೂರು ಎಂದು ಓದಿದರು. ಹೊನ್ನಾವರ ತಾಲ್ಲೂಕಿನ ಮಂಕಿಗೆ ಬಂದಾಗ ಮಂಚದ ಮೇಲೆ ಎದ್ದು ಕೂತರು. ಅಲ್ಲಿ ಕೊಂಕಣ ರೈಲ್ವೆಯ ನಿಲ್ದಾಣವಿದೆ, ಆ ಊರಿನ ಹೆಸರಿನಿಂದ ಮಂಕೀಕರ್ ಎಂಬ ಅಡ್ಡಹೆಸರಿನ ಮರ್ಯಾದಸ್ಥ ಮನೆತನಗಳಿವೆ ಎಂದು ಹೇಳಿ ನೋಡಿದೆ. ನಗು ಹೆಚ್ಚಿತು. ಕೊನೆಗೆ ಕೊಡಗಿನ ಕುಟ್ಟ ಕಾಣಿಸಿತು. ಕೇರಳದ ವಯನಾಡಿಗೆ ತಾಗಿದ, ಕಾಫಿ ಮೆಣಸಿನ ತಣ್ಣನೆಯ ಊರು. ಇಂಗ್ಲಿಷಿಗೆ ಟಕಾರ ತಕಾರದ ವ್ಯತ್ಯಾಸ ಗೊತ್ತಿಲ್ಲದ್ದರಿಂದ ಅವರಿಗೆ ಅಲ್ಲಿ ಕಂಡದ್ದು ನಾಯಿ. ‘ಕುತ್ತಾ ಶಾಖೆಯ ಮ್ಯಾನೇಜರ್!’ ಎಂದು ದಿಂಬಿಗೆ ಮುಖ ಒತ್ತಿ ನಕ್ಕರು. ಪಕ್ಕದ ಕೋಣೆಯವರು ಗೋಡೆ ತಟ್ಟಿದರು.

ನಿಮ್ಮ ಕಡೆ ಇಂಥದ್ದಿಲ್ಲವೇ ಎಂದು ಕೇಳಿದೆ, ಸ್ವಲ್ಪ ರೋಷದಿಂದಲೇ. ನಗು ಒರೆಸಿಕೊಂಡು ಅವರು ಗಂಭೀರವಾದರು. ಫತೇಹಾಬಾದ್ ಜಿಲ್ಲೆಯಲ್ಲಿ ಗಂದಾ ಎಂಬ ಹಳ್ಳಿ ಇತ್ತಂತೆ, ಕೊಳಕು ಎಂದು ಅರ್ಥ. ಕಾಗದಪತ್ರದಲ್ಲಿ ಊರು ಬರೆದಾಗಲೆಲ್ಲ ಮಂದಿ ನಗುತ್ತಿದ್ದರು. 2016ರಲ್ಲಿ ಆ ಊರಿನ ಶಾಲೆಯ ಹುಡುಗಿ ಪ್ರಧಾನಮಂತ್ರಿಗೇ ಪತ್ರ ಬರೆದಳು, ನಮ್ಮ ಹೆಸರು ಬದಲಿಸಿ ಎಂದು. ಬದಲಾಯಿತು. ಈಗ ಅಜಿತ್ ನಗರ. ಆ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಿದ್ದರು ಎಂದು ಕೇಳಿದೆ. ಅವರು ಚೀಟಿಯ ಮೇಲೆ ಬರೆದು ತೋರಿಸಿದರು. ನಮ್ಮ ಕಡೆ ಇದನ್ನು ‘ಗಂಡ’ ಎಂದು ಓದುತ್ತೇವೆ, ಅಂದರೆ ಪತಿ ಎಂದೆ. ಅವರು ಚೀಟಿಯನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದರು. ಪಕ್ಕದ ಕೋಣೆಯವರು ಮತ್ತೆ ಗೋಡೆ ತಟ್ಟುವಂತಾಯಿತು.

ರಾತ್ರಿ ಫೋನಿನಲ್ಲಿ ಹೆಂಡತಿಗೆ ಇದನ್ನು ಹೇಳಿದೆ. ಅವಳು ನಗಲಿಲ್ಲ. ‘ಆ ಕೂಸು ಪತ್ರ ಹಾಕಿದ ವಿಳಾಸ ಸಿಕ್ತನಾ ನೋಡಿ’ ಎಂದಳು.